ಆರನೇ ಸಾಲಿನ ಹಳದಿ ಟೋಪಿ

ರಾಯ್ಸ್ ಕಾಡ್ಲೆಕ್ ನಮ್ಮ ಕಾಲೇಜಿಗೆ ಬಂದಾಗ ಅವನಿಗೆ ಐವತ್ತೆಂಟು. ಅದು ಅವನ ಹತ್ತನೆಯ ಊರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ತಂಡದ ಡಿಫೆನ್ಸ್ ಕೋಚ್ ಅವನು. ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ನಮ್ಮ ಹನ್ನೊಂದು ಜನ ಎಲ್ಲಿ ನಿಲ್ಲಬೇಕು, ಯಾರನ್ನು ಕೆಡವಬೇಕು ಎಂದು ಹೇಳುವುದು ಅವನ ಕೆಲಸ. ನಾನು ಆರ್ವಿಲ್ ಲ್ಯಾಂಟ್ಸ್, ಅದೇ ತಂಡದ ಬಟ್ಟೆಬರೆ, ಹೆಲ್ಮೆಟ್, ಹೆಡ್‌ಸೆಟ್ ನೋಡಿಕೊಳ್ಳುವವನು. ಇಪ್ಪತ್ತಾರು ವರ್ಷ ಕಂಡವರ ಮಕ್ಕಳ ಬೆವರು ತೊಳೆದಿದ್ದೇನೆ. ಕೋಚ್‌ಗಳು ಬರುತ್ತಾರೆ, ಹೋಗುತ್ತಾರೆ, ಯಾರನ್ನೂ ಹಚ್ಚಿಕೊಳ್ಳಬಾರದು ಎಂದು ಎಂದೋ ತೀರ್ಮಾನಿಸಿದ್ದೆ. ಈ ಪುಣ್ಯಾತ್ಮ ಅದನ್ನು ಕೆಡಿಸಿಬಿಟ್ಟ.

ರಾಯ್ಸ್ ನೆಬ್ರಾಸ್ಕಾದ ಹುಡುಗ. ಕಾಲೇಜಿನಲ್ಲಿ ಆಡುವಾಗ ಮಂಡಿ ಚಿಪ್ಪು ಹೋಯಿತು. ಆಡಲಾಗದಿದ್ದರೆ ಕಲಿಸುತ್ತೇನೆ ಎಂದು ಅಲ್ಲೇ ಸಂಬಳವಿಲ್ಲದೆ ಸೇರಿಕೊಂಡ, ಒಂದು ವರ್ಷ ಕಸರತ್ತಿನ ಮ್ಯಾಟುಗಳ ಮೇಲೆ ಮಲಗಿ ಕಳೆದ. ಆಮೇಲೆ ಹೈಸ್ಕೂಲುಗಳು, ಸಣ್ಣಪುಟ್ಟ ಕಾಲೇಜುಗಳು. ಒಮ್ಮೆ ದೊಡ್ಡ ವಿಶ್ವವಿದ್ಯಾಲಯದವರೆಗೂ ಏರಿ ಮತ್ತೆ ಇಳಿದ. ಈ ಕಸುಬಿನ ಹಣೆಬರಹವೇ ಅಷ್ಟು: ತಂಡ ಸೋತರೆ ಹೆಡ್ ಕೋಚನ್ನು ಕಿತ್ತುಹಾಕುತ್ತಾರೆ, ಅವನ ಜೊತೆ ಅವನ ಸಹಾಯಕರೆಲ್ಲ ಗಂಟುಮೂಟೆ ಕಟ್ಟಬೇಕು. ಡಿಫೆನ್ಸ್‌ನವನು ತನ್ನ ಕೆಲಸ ಚೆನ್ನಾಗಿ ಮಾಡಿದ್ದನೇ ಎಂದು ಯಾವ ಗಂಡಸೂ ಕೇಳುವುದಿಲ್ಲ.

ಹೆಂಡತಿ ಡೋನಾ ಒಂಬತ್ತು ಊರು ಅವನ ಹಿಂದೆ ಅಲೆದಳು. ಒಂಬತ್ತನೆಯದು ಅಯೋವಾದಲ್ಲಿ. ಅಲ್ಲಿ ಮನೆ ಕೊಂಡು, ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ, ಇನ್ನು ಕಟ್ಟುವುದಿಲ್ಲ ಎಂದಳು. ಹಾಗಾಗಿ ನಮ್ಮ ಕ್ಯಾನ್ಸಸ್‌ಗೆ ಅವನು ಒಬ್ಬನೇ ಬಂದ, ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದ. ಮಧ್ಯಾಹ್ನ ನನ್ನ ಬಟ್ಟೆ ಒಗೆಯುವ ಕೋಣೆಗೆ ಬರುತ್ತಿದ್ದ. ನಾನು ಮಾಡಿದ ಚಿಲಿ ಎಂಬ ಮಾಂಸ-ಕಾಳಿನ ಖಾರದ ಸಾರು, ಜೊತೆಗೊಂದು ದಾಲ್ಚಿನ್ನಿ ರೋಲ್, ನಿಂತೇ ತಿನ್ನುತ್ತಿದ್ದ.

"ಮನೆಗೆ ಫೋನ್ ಮಾಡಿದ್ಯಾ ಕೋಚ್?"

"ಭಾನುವಾರ ಮಾಡ್ದೆ."

"ಏನಂದ್ರು?"

"ಅಲ್ಲೂ ಚಳಿಯಂತೆ."

ಮೂವತ್ತು ವರ್ಷ ಸಂಸಾರ ಮಾಡಿದವರು ಚಳಿಯ ಮಾತಾಡಿ ಫೋನ್ ಇಡುತ್ತಿದ್ದರು! ನಾನು ಅವನ ಬಟ್ಟಲಿಗೆ ಇನ್ನೊಂದು ಸೌಟು ಹಾಕುತ್ತಿದ್ದೆ.

ಆದರೂ ನಮ್ಮೂರಲ್ಲಿ ಆಟವಿದ್ದ ಪ್ರತಿ ಶನಿವಾರ ಡೋನಾ ಹೆಸರಲ್ಲಿ ಗೇಟಿನಲ್ಲಿ ಒಂದು ಟಿಕೆಟ್ ಇಡುತ್ತಿದ್ದ. ಆರನೇ ಸಾಲು, ಹನ್ನೊಂದನೇ ಸೀಟು. ತಾನು ಸ್ಟ್ಯಾಂಡಿನ ನೆತ್ತಿಯ ಮೇಲಿನ ಗಾಜಿನ ಗೂಡಿನಲ್ಲಿ ಕೂತು, ಕೆಳಗೆ ಮೈದಾನದ ಅಂಚಿನಲ್ಲಿ ನಿಂತ ನಮ್ಮ ಜೊತೆ ಹೆಡ್‌ಸೆಟ್‌ನಲ್ಲಿ ಮಾತಾಡುತ್ತಿದ್ದ. ಆಟಕ್ಕೆ ಮೊದಲು ಅವನ ಪ್ರಶ್ನೆ ಒಂದೇ.

"ಬಂದ್ಲಾ, ಆರ್ವಿಲ್?"

ನಾನು ತಿರುಗಿ ನೋಡುತ್ತಿದ್ದೆ. "ಇಲ್ಲ ಕೋಚ್."

"ಸರಿ ಬಿಡು."

ಒಮ್ಮೆ ರೇಗಿಯೇ ಬಿಟ್ಟೆ. "ಅಲ್ಲ ಮಾರಾಯ, ಮೇಲಿಂದ ನಿನಗೇ ಕಾಣತ್ತಲ್ಲ. ನನ್ನ ಯಾಕೆ ಕೇಳ್ತೀಯ?"

"ನಾನು ಮೈದಾನ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಲ್ಲ ಕಣೋ. ಮೂವತ್ತು ವರ್ಷದಿಂದ ಹಾಯಿಸಿಲ್ಲ."

ಎದುರಾಳಿ ಒಬ್ಬ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೂ ಅವನಿಗೆ ತಿಳಿಯುತ್ತಿತ್ತು. ಒಂದು ಮಾತು ಕೆಳಗೆ ಬರುತ್ತಿತ್ತು, ಇಲ್ಲಿಂದ ಕೈಸನ್ನೆ ಹೋಗುತ್ತಿತ್ತು, ನಮ್ಮವರು ಜಾಗ ಬದಲಿಸುತ್ತಿದ್ದರು. ಅವನ ಅನ್ನ ಇದ್ದದ್ದು ಅದರಲ್ಲೇ.

ಮೂರನೇ ವರ್ಷ, ನವೆಂಬರ್‌ನ ಕೊನೆಯ ಆಟದ ವಾರ, ಕ್ಷೌರ ಮಾಡಿಸಿಕೊಂಡು ಬಂದ. "ಡೋನಾ ಬರ್ತಾಳಂತೆ. ಆಟ ನೋಡಿ, ನನ್ನನ್ನ ಕರ್ಕೊಂಡು ಹೋಗ್ತಾಳಂತೆ. ಇದೇ ಕೊನೆ, ಆರ್ವಿಲ್. ಮನೆಗೆ ಹೋಗ್ತೀನಿ."

"ಅಬ್ಬಾ! ಬುದ್ಧಿ ಬಂತಲ್ಲ," ಎಂದೆ.

ಶನಿವಾರ ಆಟ ಶುರುವಾದರೂ ಆ ಸೀಟು ಖಾಲಿ. ದಾರಿಯಲ್ಲಿ ಹಿಮ ಬಿದ್ದಿತ್ತು. ಮೂರು ಪಾಯಿಂಟ್ ಮುಂದಿದ್ದೆವು, ಇನ್ನೊಂದು ನಿಮಿಷ ತಡೆದರೆ ಗೆದ್ದಂತೆ. ಆಗ ಸುಮ್ಮನೆ ತಿರುಗಿ ನೋಡಿದೆ. ಹಳದಿ ಉಣ್ಣೆಯ ಟೋಪಿ ಹಾಕಿದ ಹೆಂಗಸೊಬ್ಬಳು ಜನರ ಮೊಣಕಾಲು ದಾಟುತ್ತಾ ಬಂದು ಹನ್ನೊಂದನೇ ಸೀಟಿನ ಮುಂದೆ ನಿಂತಳು. ಹಿಂದಕ್ಕೆ ತಿರುಗಿ, ಮೇಲಿನ ಗಾಜಿನ ಕಡೆ ಕೈ ಬೀಸಿದಳು. ಬಿಸಿಲು ಬಡಿದು ಆ ಗಾಜು ಫಳಫಳ ಹೊಳೆಯುತ್ತಿತ್ತು, ಒಳಗೆ ಕೂತವನು ಆಕೆಗೆ ಕಾಣುವಂತಿರಲಿಲ್ಲ.

ನನ್ನ ಬಾಯಿಗೆ ಬೀಗ ಹಾಕಬೇಕಿತ್ತು. "ಕೋಚ್, ಬಂದ್ರು! ಹಳದಿ ಟೋಪಿ!"

ಹೆಡ್‌ಸೆಟ್‌ನಲ್ಲಿ ಆ ಮೂರು ವರ್ಷದಲ್ಲಿ ನಾನು ಕೇಳಿರದ ಒಂದು ಸಣ್ಣ ದನಿ: "ಹೌದು ಕಣೋ. ಬಂದಿದಾಳೆ. ಬಂದುಬಿಟ್ಲು."

ಅಷ್ಟರಲ್ಲಿ ಎದುರಾಳಿಯ ಉದ್ದನೆಯ ಹುಡುಗನೊಬ್ಬ ಎಡ ಅಂಚಿಗೆ ಸರಿದಿದ್ದ. ನಮ್ಮ ನಾಯಕ ಸನ್ನೆಗಾಗಿ ನಮ್ಮ ಕಡೆ ನೋಡಿದ. ಮೇಲಿಂದ ಮಾತೇ ಬರಲಿಲ್ಲ. "ಕೋಚ್! ಕೋಚ್!" ಎಂದು ಯಾರೋ ಅರಚಿದರು. ಆ ಹುಡುಗ ಚೆಂಡು ಹಿಡಿದು ಓಡಿದ, ಅವನನ್ನು ಮುಟ್ಟುವವರಿರಲಿಲ್ಲ. ಕೊನೆಯ ಗೆರೆ ದಾಟಿದ್ದಕ್ಕೆ ಅವರಿಗೆ ಒಟ್ಟು ಏಳು ಪಾಯಿಂಟ್ ಸಿಕ್ಕಿ, ನಾಲ್ಕು ಪಾಯಿಂಟ್‌ಗಳಿಂದ ಸೋತೆವು.

ಭಾನುವಾರ ಬೆಳಿಗ್ಗೆ ಹತ್ತರೊಳಗೆ ಹೆಡ್ ಕೋಚ್, ಅವನ ಸಹಾಯಕರು, ಎಲ್ಲರ ಕೆಲಸವೂ ಹೋಯಿತು. ಒಳ್ಳೆಯದೇ ಆಯಿತು, ರಾಯ್ಸ್ ಹೇಗೂ ಹೊರಟವನು ಎಂದುಕೊಂಡು, ಅವನ ಸಾಮಾನಿಗೆ ಖಾಲಿ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋದೆ. ಕೋಚ್‌ಗಳ ಕೋಣೆಯಲ್ಲಿ ಡೋನಾ ಕೋಟು ಹಾಕಿಕೊಂಡೇ ಕೂತಿದ್ದಳು. ಅವನು ವಿಡಿಯೊ ಹಾಕಿದ್ದ. ಭಾನುವಾರ ಬೆಳಿಗ್ಗೆ ಹಿಂದಿನ ದಿನದ ಆಟ ನೋಡಿ ತಪ್ಪು ಹುಡುಕುವುದು ಈ ಕೋಚ್‌ಗಳ ಜಾತಿಗೆ ಅಂಟಿದ ರೋಗ.

"ಇಲ್ಲಿ ನೋಡು ಡೋನಾ," ಚಿತ್ರ ನಿಲ್ಲಿಸಿದ. "ಇವನು ಸರಿದ. ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಈ ನಾಲ್ಕು ಸೆಕೆಂಡು ನಾನು ನಿನ್ನನ್ನ ನೋಡ್ತಿದ್ದೆ."

ಆಕೆ ತೊಡೆಯ ಮೇಲಿದ್ದ ಹಳದಿ ಟೋಪಿಯನ್ನು ಮಡಚಿದಳು. "ಅಂದ್ರೆ, ನಾನು ಬಂದಿದ್ದಕ್ಕೆ ಸೋತ್ರಿ."

"ಅಲ್ಲ, ಅದಲ್ಲ ನಾನು ಹೇಳಿದ್ದು..."

 ಹನ್ನೊಂದು ಜನರನ್ನು ಒಂದು ಮಾತಿನಲ್ಲಿ ಆಡಿಸುವವನು! ಆಮೇಲೆ ಆ ಮಹಾಮೂರ್ಖ ಮಾಡಿದ್ದೇನು ಗೊತ್ತೇ? ವಿಡಿಯೊ ಹಿಂದಕ್ಕೆ ಓಡಿಸಿ ಮತ್ತೊಮ್ಮೆ ತೋರಿಸಿದ. "ನೋಡು, ಇಲ್ಲಿ. ಇಲ್ಲಿಂದ ಇಲ್ಲಿವರೆಗೆ."

"ಸಾಕು ರಾಯ್ಸ್. ಒಂಬತ್ತು ಊರಲ್ಲಿ ನಿನ್ನ ಆಟ ನೋಡ್ದೆ. ಇದೊಂದು ತಪ್ಪು ಹೊರೋಕೆ ನನ್ನ ಕೈಲಾಗಲ್ಲ." ಆಕೆ ಎದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ನಿಂತಳು. "ಆರ್ವಿಲ್ ಅಲ್ವಾ? ಇವನಿಗೆ ಇಷ್ಟು ದಿನ ಊಟ ಹಾಕಿದ್ರಂತೆ. ಥ್ಯಾಂಕ್ಸ್."

ಆ ಸಣ್ಣ ದನಿ ನನ್ನ ಕಿವಿಯಲ್ಲಿತ್ತು. 'ಬಂದುಬಿಟ್ಲು' ಅನ್ನುವುದನ್ನು ಅವನು ಹೇಗೆ ಹೇಳಿದ ಎಂದು ನಾನೊಬ್ಬ ಆಕೆಗೆ ಹೇಳಬಹುದಿತ್ತು. ಗಂಡ ಹೆಂಡಿರ ನಡುವೆ ನನಗೇನು ಕೆಲಸ ಎಂದು ಪೆಟ್ಟಿಗೆಗಳನ್ನು ಹಿಡಿದುಕೊಂಡು ಕಂಬದಂತೆ ನಿಂತೆ. ಆಕೆಯ ಕಾರು ಅವನಿಲ್ಲದೆ ಹೊರಟುಹೋಯಿತು.

ಜನವರಿಯಲ್ಲಿ ಅವನಿಗೆ ದಕ್ಷಿಣ ಡಕೋಟಾದಲ್ಲಿ ಕೆಲಸ ಸಿಕ್ಕಿತು. ಹನ್ನೊಂದನೆಯ ಊರು. ಕಳೆದ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಆಟಕ್ಕೆ ಮೊದಲು ಫೋನ್ ಮಾಡಿದ.

"ಟಿಕೆಟ್ ಇಟ್ಟಿದೀನಿ, ಆರ್ವಿಲ್."

"ಆರನೇ ಸಾಲಾ?"

"ಹೂಂ."

"ಅಲ್ಲಿ ಯಾರು ನೋಡಿ ಹೇಳ್ತಾರೋ ನಿನಗೆ?"

"ಯಾರೂ ಇಲ್ಲ," ಎಂದ. "ಈಗ ನಾನೇ ನೋಡ್ತೀನಿ."

ಡೋನಾಳ ನಂಬರು ನಮ್ಮ ಟಿಕೆಟ್ ಕಿಟಕಿಯ ಪುಸ್ತಕದಲ್ಲಿದೆ. ಬರೆದು ತಂದು ಒಗೆಯುವ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಇನ್ನೂ ಫೋನ್ ಮಾಡಿಲ್ಲ.