ಅಬ್ಕರ್ ತನ್ನ ದೋಣಿಯನ್ನು ಹೊಗಳಿದ್ದು

ಅರಬರ ನಾಡಿನ ತಿಹಾಮಾ ಕರಾವಳಿಯಲ್ಲಿ ಅಬ್ಕರನಂಥ ರಾಯಭಾರಿ ಇನ್ನೊಬ್ಬ ಹುಟ್ಟಿಲ್ಲ. ಹೀಗೆಂದವನು ಅವನೇ, ಆದರೂ ಅರ್ಧ ನಿಜ. ತುರ್ಕರಿಗೂ ಇಟಲಿಯವರಿಗೂ ಯುದ್ಧ ಹತ್ತಿ, ಇಟಲಿಯ ಹಡಗುಗಳು ಬಂದು ಕೆಂಪು ಸಮುದ್ರದ ಬಂದರುಗಳಿಗೆಲ್ಲ ಬೀಗ ಜಡಿದಾಗ, ಬಿಳಿ ಬಾವುಟ ಕಟ್ಟಿಕೊಂಡು ಕಾಗದ ಒಯ್ಯಲು ಒಪ್ಪಿದವನು ಈ ಬೆಸ್ತನೊಬ್ಬನೇ. ಧೈರ್ಯ ಅಂತಲ್ಲ, ಮನೆಯಲ್ಲಿ ಕೂತರೆ ಹೆಂಡತಿ ಮಸೂದಾ ಹರಿದ ಬಲೆ ತಂದು ತೊಡೆಯ ಮೇಲೆ ಹಾಕುತ್ತಿದ್ದಳು.

ದಡದಲ್ಲಿ ತುರ್ಕಿ ಅಧಿಕಾರಿ, ನೀರಿನಲ್ಲಿ ಇಟಲಿಯ ಕಪ್ತಾನ, ನಡುವೆ ಯಾರ ಕಡೆಯೂ ಅಲ್ಲದ ಡಚ್ಚರ ಕಪ್ತಾನ. ಈ ಮೂರನೆಯವನು ಹಜ್ ಯಾತ್ರಿಕರನ್ನು ನೋಡಿಕೊಳ್ಳಲು ಬಂದು ಜಗಳ ಬಿಡಿಸುವ ಕೆಲಸಕ್ಕೆ ಸಿಕ್ಕಿಬಿದ್ದಿದ್ದ. ಮೊದಲ ಇಪ್ಪತ್ತು ದಿನದ ಕಾಗದಗಳೆಲ್ಲ ಯಾರು ಯಾರಿಗೆ ಮೊದಲು ತೋಪು ಹಾರಿಸಿ ಸಲಾಮು ಮಾಡಬೇಕು ಎಂಬುದರ ಬಗ್ಗೆಯೇ. ಅವನ್ನೆಲ್ಲ ಜೋಡಿಸಿದ್ದರೆ ಜಿದ್ದಾದ ಅಷ್ಟೂ ಹಡಗುಗಳಿಗೆ ಹಾಯಿ ಹೊಲಿಯಬಹುದಿತ್ತು. ಅಬ್ಕರ್ ತುರ್ಕಿ ಠಾಣೆಯ ಪುಟ್ಟ ದೋಣಿಗೆ ಹುಟ್ಟು ಹಾಕಿ ಹಾಕಿ, ತೋಳು ಮೊಳಕಾಲಿಗೆ ಇಳಿದಿದೆ ಎನ್ನುತ್ತಿದ್ದ.

ಕಡೆಗೊಂದು ಕಾಗದದಲ್ಲಿ ನಿಜವಾದ ವಿಷಯ ಬಂತು. ಊರಿನ ದೋಣಿಗಳು ತುರ್ಕರಿಗೆ ಬಂದೂಕು ಸಾಗಿಸುತ್ತಿವೆ, ನಾಳೆ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಎಲ್ಲಕ್ಕೂ ಬೆಂಕಿ ಎಂದು ಇಟಲಿಯ ಕಪ್ತಾನ ಬರೆದಿದ್ದ. ಡಚ್ಚರವನು ಮಧ್ಯೆ ಬಂದ. ಮೀನಿನ ದೋಣಿಗಳ ಪಟ್ಟಿಗೆ ನಾನು ಮೊಹರು ಒತ್ತುತ್ತೇನೆ, ಅವನ್ನು ಮುಟ್ಟಬೇಡಿ ಎಂದು ಒಪ್ಪಿಸಿದ. ಆಮೇಲೆ ದುಭಾಷಿಯ ಬಾಯಲ್ಲಿ ಅಬ್ಕರನನ್ನು ಕೇಳಿಸಿದ, ಊರಲ್ಲಿ ಮೀನಿನ ದೋಣಿ ಎಷ್ಟು?

ಎಷ್ಟು ಎಂದು ಕೇಳಿದರೆ ಇದ್ದಷ್ಟು ಹೇಳುವ ಊರೇ ಅದು? ಬುಟ್ಟಿ ತುಂಬ ಮೀನು ಹೊತ್ತವನು ನಾಲ್ಕು ಮುಳ್ಳು ಸಿಕ್ಕಿತು ಎನ್ನಬೇಕು, ಇಲ್ಲದಿದ್ದರೆ ದೃಷ್ಟಿ ತಾಗುತ್ತದೆ. ಹನ್ನೊಂದು ವರ್ಷದ ದುಡಿಮೆ ಸುರಿದು, ಮಲಬಾರಿನ ತೇಗ ತರಿಸಿ ಕಟ್ಟಿದ ಹೊಸ ದೋಣಿ ಅಬ್ಕರನದು. ಅದು ನೀರಿಗಿಳಿದಾಗಿನಿಂದ ಅದರ ಬಗ್ಗೆ ಅವನು ಒಂದು ಒಳ್ಳೆಯ ಮಾತಾಡಿರಲಿಲ್ಲ.

"ಎಲ್ಲಿಯ ದೋಣಿ ಬಿಡಿ. ಮೂರಿರಬಹುದು. ಉಳಿದದ್ದೆಲ್ಲ ಸೌದೆ," ಎಂದ.

ಕಪ್ತಾನ ಮೂರು ಎಂದು ಬರೆದು ಮೊಹರು ಒತ್ತಿದ.

ಮನೆಗೆ ಬಂದು ಊಟಕ್ಕೆ ಕೂತವನು ತನ್ನ ಜಾಣತನವನ್ನು ಹೆಂಡತಿಗೆ ವರ್ಣಿಸಿದ.

"ನಮ್ಮದನ್ನ ಸೇರಿಸಿದ್ರಾ?" ಎಂದಳು ಮಸೂದಾ.

"ಸೇರಿಸ್ತೀನಾ? ಆ ಕಪ್ತಾನನ ಕಣ್ಣು ನೋಡಿದೀಯಾ, ನೀಲಿ! ತಾಗಿದ್ರೆ ಬಿಡೋ ದೃಷ್ಟೀನಾ ಅದು?"

"ಅಂದ್ರೆ ನಾಳೆ ಅದನ್ನ ಸುಡ್ತಾರೆ."

ಅಬ್ಕರನ ಕೈಯ ರೊಟ್ಟಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

ಮರುದಿನ ಇಟಲಿಯ ತರುಣ ಅಧಿಕಾರಿಯೊಬ್ಬ ಸೀಮೆಎಣ್ಣೆ ಡಬ್ಬಗಳ ಜೊತೆ ಮರಳಿಗಿಳಿದ. ಡಚ್ಚರ ಕಪ್ತಾನನೂ ಬಂದ. ಪಟ್ಟಿಯಲ್ಲಿ ಮೂರು, ಕಣ್ಣೆದುರಿಗೆ ಸಾಲುಗಟ್ಟಿದ ದೋಣಿಗಳು. ಇಟಲಿಯವನು ಬಲು ಮರ್ಯಾದೆಯಿಂದ ನಕ್ಕ. ಕಪ್ತಾನನ ಮುಖ ಬೇಯಿಸಿದ ಏಡಿಯಾಯಿತು. ಎಲ್ಲರೆದುರು ನಿಜವಾದ ಲೆಕ್ಕ ಹೇಳು, ಈಗಲೇ ತಿದ್ದುತ್ತೇನೆ, ಮತ್ತೆ ಸುಳ್ಳಾದರೆ ನನಗೂ ಈ ಊರಿಗೂ ಸಂಬಂಧವಿಲ್ಲ ಎಂದು ಅಬ್ಕರನಿಗೆ ಹೇಳಿಸಿದ.

ಊರಿಗೆ ಊರೇ ಅಬ್ಕರನ ಬೆನ್ನಿಗೆ ನಿಂತು, ಬೆಂಕಿಗಿಂತ ದೃಷ್ಟಿಗೆ ಹೆಚ್ಚು ಹೆದರಿ ಪಿಸುಗುಟ್ಟಿತು. ಪಕ್ಕದವನ ದೋಣಿ ಹೇಳು, ಹೇಳಲೇಬೇಕು, ನನ್ನದೊಂದು ಬಿಟ್ಟುಬಿಡು ಎಂದು ಒಬ್ಬೊಬ್ಬರದೂ ಅದೇ ಪಾಠ.

ಅಬ್ಕರ್ ಲೆಕ್ಕ ಒಪ್ಪಿಸಿದ. "ಇಪ್ಪತ್ಮೂರು."

ಹಿಂದೆ ಮುದುಕಿಯೊಬ್ಬಳು ದೃಷ್ಟಿ ತೆಗೆಯಲು ಥೂ ಥೂ ಎಂದು ಮೂರು ಸಲ ಉಗಿದಳು. ಇಟಲಿಯವನು ತೇಗದ ದೋಣಿಯ ಮೇಲೆ ಬೆತ್ತದಿಂದ ತಟ್ಟಿದ. ಇಷ್ಟು ದೊಡ್ಡದು ಮೀನಿಗಂತೂ ಅಲ್ಲ, ಬಂದೂಕಿಗೇ ಎಂದ. ಡಬ್ಬದ ಮುಚ್ಚಳ ಬಿಚ್ಚಿದರು.

"ಅದು ನಂದು," ಎಂದ ಅಬ್ಕರ್. "ಒಂದು ಬಲೆಗೆ ಎಪ್ಪತ್ತು ಬುಟ್ಟಿ ಎಳೆಯುತ್ತೆ. ಬಂಗಡೆಗಳು ತಾವಾಗಿ ಹತ್ತಿಬರ್ತವೆ, ಜಾಗ ಸಾಲದೆ ಅರ್ಧ ವಾಪಸ್ ಕಳಿಸ್ತೀನಿ. ಬಸ್ರಾ ತನಕ ಹುಡುಕಿ, ಇಂಥ ದೋಣಿ ಇಲ್ಲ. ಮೂಸಿ ನೋಡಿ ಬೇಕಾದ್ರೆ."

ಅಧಿಕಾರಿ ಬಗ್ಗಿ ಮೂಸಿದ. ಆಮೇಲೆ ಬಹಳ ಹೊತ್ತು ಕರವಸ್ತ್ರ ಮೂಗಿನಿಂದ ಇಳಿಯಲಿಲ್ಲ. ಕಪ್ತಾನ ಇಪ್ಪತ್ಮೂರು ಎಂದು ತಿದ್ದಿ ಹೊಸ ಮೊಹರು ಒತ್ತಿದ. ಡಬ್ಬಗಳು ಬಂದ ಹಾಗೆಯೇ ಹೋದವು.

ಅಬ್ಕರ್ ಕುಣಿಯಲಿಲ್ಲ. ನೆಟ್ಟಗೆ ಮನೆಗೆ ಹೋಗಿ ಬಾಚಿ ತಂದು, ದೋಣಿಯ ಮೂತಿಯಿಂದ ಅಂಗೈಯಗಲದ ಚಕ್ಕೆ ಹಾರಿಸಿದ. ಮಸೂದಾ ಓಡಿಬಂದಳು.

"ಅವರು ಉಳಿಸಿಹೋಗಿದ್ದನ್ನ ನೀವು ಒಡೀತಿದೀರಲ್ಲ!"

"ಅವರ ಬೆಂಕಿಗೆ ಕಾಗದ ಸಿಕ್ತು ಕಣೆ," ಎಂದ, ಇನ್ನೊಂದೇಟಿಗೆ ಬಾಚಿ ಎತ್ತುತ್ತ. "ಅಷ್ಟೊಂದು ಹೊಗಳಿದ ನನ್ನ ಬಾಯಿಗೆ ಯಾರು ಮೊಹರು ಒತ್ತಿಕೊಡ್ತಾರೆ?"