ಐಡಾ ಚಿಕ್ಕಮ್ಮನ ತಳ್ಳುಗಾಡಿ

ಕ್ರೋ ಧಣಿ ಕೋವಿ ಅಂಗಡಿಯನ್ನು ಕಾಯಂ ಮುಚ್ಚಿದ ದಿನ ಕೆಲಸಗಾರರಾದ ನಮಗೆಲ್ಲ ಊಟ ಹಾಕಿಸಿದ. ಎದ್ದು ನಿಂತು, ತಾನು ಮಾರಿದ ಒಂದು ಕೋವಿಯೂ ಯಾರ ಕೈಯಲ್ಲೂ ಸಿಡಿಯಲಿಲ್ಲ ಅಂತ ಎದೆ ತಟ್ಟಿಕೊಂಡ. ಐಡಾ ಟಾಂಕ್ಸ್ ಹೆಸರು ಅವನ ಬಾಯಿಗೆ ಬರಲಿಲ್ಲ. ನಾನು ತಟ್ಟೆ ನೂಕಿ ಎದ್ದು ಬಂದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಬರ್ಮಿಂಗ್‌ಹ್ಯಾಮಿನ ನಮ್ಮ ಕೋವಿ ಕೇರಿಗೆಲ್ಲ ಅವಳು ಐಡಾ ಚಿಕ್ಕಮ್ಮ. ಗಂಡ ಯುದ್ಧದಿಂದ ಮರಳಲಿಲ್ಲ. ಮಗಳು ನಡೆಯಲು ಕಲಿತ ಮೇಲೆ, ಮಗುವನ್ನು ಮಲಗಿಸಿ ತಳ್ಳುತ್ತಿದ್ದ ಗಾಡಿಯಲ್ಲೇ ಧಣಿಯ ಕೋವಿ ಸಾಗಿಸುವ ಕೆಲಸ ಹಿಡಿದಳು. ಸೈನ್ಯ ಬೇಡವೆಂದು ಮಾರಿದ ರೈಫಲ್ಲುಗಳನ್ನು ಧಣಿ ರಾಶಿಗಟ್ಟಲೆ ಕೊಂಡಿದ್ದ. ಅವುಗಳ ಮೇಲೆ ಸೈನ್ಯದ ಗುರುತು ಎಷ್ಟೇ ಇರಲಿ, ಊರ ಜನಕ್ಕೆ ಮಾರಬೇಕಾದರೆ ಕೋವಿ ಪರೀಕ್ಷಿಸುವ ಪ್ರೂಫ್ ಹೌಸಿನ ಮುದ್ರೆ ಬೇಕು. ಅಲ್ಲಿ ಮಾಮೂಲಿಗಿಂತ ಜೋರಾದ ತೋಟಾ ತುಂಬಿ, ಗೋಡೆಯ ಮರೆಯಲ್ಲಿ ನಿಂತು ಹಾರಿಸುತ್ತಾರೆ. ನಳಿಗೆ ತಡೆದುಕೊಂಡರೆ ಪುಟ್ಟ ಕಿರೀಟ, ಅದರಡಿ ಅಕ್ಷರ ಒತ್ತುತ್ತಾರೆ. ಆಮೇಲೆ ಆ ನಳಿಗೆಯನ್ನು ಒಳಗೆ ಕೊರೆದು ಅಗಲ ಮಾಡಿದರೆ ಮುದ್ರೆ ಸತ್ತಂತೆ. ಮತ್ತೆ ಪರೀಕ್ಷೆಗೆ ಹೋಗಬೇಕು.

"ಇವತ್ತು ಅವಳಿ ಮಕ್ಕಳಾ, ಚಿಕ್ಕಮ್ಮ?" ಅಂತ ಅಲ್ಲಿನ ಕಾವಲುಗಾರ ಛೇಡಿಸುವವನು.

"ಆರು ಕಣೋ. ಅಪ್ಪನ ಹೆಸರು ಮಾತ್ರ ಕೇಳ್ಬೇಡ."

ಒಂದು ವರ್ಷ ಬೇಟೆಗಾರರು ದಪ್ಪ ತೋಟಾದ ರೈಫಲ್ ಕೇಳಿಕೊಂಡು ಬಂದರು. ಮುದ್ರೆ ಬಿದ್ದಿದ್ದ ಆರನ್ನು ಧಣಿ ಗುಟ್ಟಾಗಿ ಹೊರಗೆಲ್ಲೋ ಕೊರೆಸಿ ತಂದು, ನೇರ ರೈಲು ನಿಲ್ದಾಣಕ್ಕೆ ಒಯ್ಯಲು ಹೇಳಿದ. ಅದರಲ್ಲಿ ಒಂದು ನನ್ನ ತಮ್ಮ ಕ್ಲೆಮ್ ಹೇಳಿಟ್ಟದ್ದು. ಅವನು ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಬೇಟೆಕಾಡು ಕಾಯುವವನು. ಮರದ ಹಿಡಿಯಲ್ಲಿ ನಾನೇ ಅವನ ಹೆಸರು ಕೆತ್ತಿದ್ದೆ. ಕೊರೆಸಿದ ಸುದ್ದಿ ನನಗೆ ಗೊತ್ತಿರಲಿಲ್ಲ. ಗಾಡಿಗೆ ತುಂಬುವಾಗ ಐಡಾ ಒಂದರ ಬೋಲ್ಟ್ ಎಳೆದು ನಳಿಗೆಯೊಳಗೆ ಇಣುಕಿದಳು. ಕಬ್ಬಿಣ ಹೊಸದಾಗಿ ಹೊಳೆಯುತ್ತಿತ್ತು.

"ಧಣಿ, ಇದನ್ನ ಕೊರ್ದಿದ್ದಾರೆ. ಮುದ್ರೆ ಹಳೇದು."

"ಮುದ್ರೆ ಇದ್ಯಲ್ಲ? ತಳ್ಳೋದು ನಿನ್ನ ಕೆಲ್ಸ, ತಳ್ಳು."

ತಳ್ಳಿದಳು. ಆದರೆ ಗಾಡಿ ನಿಲ್ದಾಣದ ಕಡೆ ತಿರುಗಲಿಲ್ಲ. ಧಣಿ ಬೀದಿಗೆ ಓಡಿ, ಪ್ರೂಫ್ ಹೌಸಿಗೆ ಹೋದರೆ ನಾಳೆಯಿಂದ ಕೆಲಸವಿಲ್ಲ ಅಂದ. ಆ ಕೂಲಿ ಬಿಟ್ಟರೆ ಅವಳ ಒಲೆ ಉರಿಯುತ್ತಿರಲಿಲ್ಲ, ಅದು ಅವನಿಗೂ ಗೊತ್ತು.

ಅವಳು ನಿಂತಳು. "ಇದನ್ನ ಯಾರೋ ಕೆನ್ನೆಗಿಟ್ಕೊಂಡು ಹಾರಿಸ್ತಾರೆ, ಧಣಿ," ಅಂದು ಮತ್ತೆ ಗಾಡಿ ತಳ್ಳಿದಳು.

ಪ್ರೂಫ್ ಹೌಸಿನಲ್ಲಿ ಆರನ್ನೂ ಮತ್ತೆ ಹಾರಿಸಿ ನೋಡಿದರು. ಐದು ತಡೆದುಕೊಂಡವು. ಆರನೆಯದು ಕೆನ್ನೆಯ ಹತ್ತಿರ ಬರುವ ಹಿಂತುದಿಯಲ್ಲೇ ಸೀಳಿಹೋಯಿತು. ತುಂಡುಗಳು ಅಂಗಡಿಗೆ ವಾಪಸು ಬಂದವು. ಹಿಡಿ ಎತ್ತಿ ನೋಡಿದೆ. ಕ್ಲೆಮ್‌ನ ಹೆಸರು.

ಧಣಿ ಅಂದಂತೆಯೇ ಕೆಲಸದಿಂದ ತೆಗೆದ. ಐಡಾ ಆಸ್ಪತ್ರೆಯೊಂದರಲ್ಲಿ ಪಾತ್ರೆ ತೊಳೆಯಲು ಸೇರಿದಳು. ಆ ಚಳಿಗಾಲದಲ್ಲೇ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಳು. ಕೋವಿ ಸೀಳಿದ ಸುದ್ದಿ ಕೇಳಿ ಕ್ಲೆಮ್ ಜಿಂಕೆಯ ತೊಡೆ ಹೊತ್ತು ಅವಳ ಮನೆಗೆ ಬಂದಾಗ ಮಗಳು ಅದೇ ಗಾಡಿಯಲ್ಲಿ ಕಲ್ಲಿದ್ದಲು ತರುತ್ತಿದ್ದಳು.

"ನೀವ್ಯಾರು?" ಅಂದಳು.

ಅವನು ಮಾಂಸ ಅವಳ ಕೈಗಿತ್ತು ಹಿಂತಿರುಗಿದ. ಅವನ ಕಣ್ಣೆರಡೂ ಇವತ್ತಿಗೂ ನೆಟ್ಟಗಿವೆ. ಒಂದು ತೊಡೆ ಮಾಂಸಕ್ಕೆ ತೀರುವ ಋಣವೇ ಅದು?