ಅನುಭವಿ ಎಣ್ಣೆ

ಕಾಕುವಿನ ಮುಂಗೈ ಮೇಲೆ ಎಣ್ಣೆ ಸಿಡಿದ ಸಣ್ಣ ಸಣ್ಣ ಕಲೆಗಳಿದ್ದವು, ಸಾಸಿವೆ ಚೆಲ್ಲಿದ ಹಾಗೆ. ಬಲಗೈ ಎಂದು ನನ್ನ ನೆನಪು, ಎಡಗೈಯೂ ಇರಬಹುದು. ಮುಂದೆ ಬರೆಯುವುದರಲ್ಲೂ ಕೆಲವು ಹೀಗೆ ಅದಲುಬದಲಾಗಿರಬಹುದು. ನನ್ನ ನೆನಪು ನನ್ನ ಪಕ್ಷ ವಹಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಆಕೆ ನನ್ನ ಕಾಕಾನ, ಅಂದರೆ ಚಿಕ್ಕಪ್ಪನ, ಹೆಂಡತಿ. ದಿನಾ ಸೇಡಂನಿಂದ ಬಸ್ಸು ಹಿಡಿದು ಮಳಖೇಡದ ಶಾಲೆಗೆ ಹೋಗಿ ಗಣಿತ ಕಲಿಸುತ್ತಿದ್ದಳು. ತೊಂಬತ್ತರ ದಶಕದ ಕೊನೆಯಲ್ಲಿ ಗುಲಬರ್ಗಾದಲ್ಲಿ ಜೀವರಸಾಯನಶಾಸ್ತ್ರ ಓದುತ್ತಿದ್ದ ನನಗೆ ರಜೆಯೆಂದರೆ ಆಕೆಯ ಮನೆಯೇ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ನೈವೇದ್ಯಕ್ಕೆಂದು ಕರಿದು ಉಳಿದ ಕುಸುಬೆ ಎಣ್ಣೆಯನ್ನು ಮತ್ತೆ ದೇವರಿಗೆ ಬಳಸುವಂತಿಲ್ಲ, ಚೆಲ್ಲುವಂತೆಯೂ ಇಲ್ಲ. ಅದು ಒಂದು ಡಬ್ಬಿ ಸೇರಿ, ಹಬ್ಬದಿಂದ ಹಬ್ಬಕ್ಕೆ ಕಪ್ಪಾಗುತ್ತ, ದಿನದ ಒಗ್ಗರಣೆಗೆ ಬರುತ್ತಿತ್ತು. ಬಾಣಲೆಯಲ್ಲಿ ಅದು ನೊರೆಯೆದ್ದು ಚಟಪಟ ಎನ್ನುವಾಗ ಕಾಕು ನಗುತ್ತಿದ್ದಳು: "ಅನುಭವಿ ಎಣ್ಣಿ ಇದು. ಅದಕ್ಕೇ ಇಷ್ಟು ಮಾತಾಡ್ತದ."

ಒಂದು ರಜೆಯಲ್ಲಿ ಊಟಕ್ಕೆ ಕೂತಾಗ ನಾನು ಪಾಠ ಶುರುಮಾಡಿದೆ.

"ಕಾಕಾ, ರಕ್ತದೊಳಗ ಕೊಲೆಸ್ಟ್ರಾಲ್ ಹೊತ್ತು ತಿರಗೋ ಕಣ ಇರ್ತಾವ. ಅವು ಆಕ್ಸಿಜನ್ ತಾಗಿ ಕೆಟ್ಟವಂದ್ರ, ನಮ್ಮನ್ನ ಕಾಯೋ ಬಿಳಿ ಕೋಶ ಬಂದು ನುಂಗ್ತಾವ. ನುಂಗಿ ನುಂಗಿ ನೊರಿಗತೆ ಉಬ್ಬಿ, ರಕ್ತನಾಳದ ಗ್ವಾಡ್ಯಾಗೇ ಸಾಯ್ತಾವ. ಕಾಯಿಸಿದ್ದೇ ಕಾಯಿಸಿದ ಎಣ್ಣಿ ಭಾಳ ಕೆಟ್ಟದ್ದು."

ಕಾಕಾನ ಕೈ ತಟ್ಟೆಯಲ್ಲೇ ನಿಂತಿತು. "ಔಷಧ ಏನರ ಅದನೋ ಇಲ್ಲೋ?"

"ವಿಟಮಿನ್ ಇ ಅಂಥಾ ಜೀವಸತ್ವ ಕಣ ಕೆಡದಂಗ ತಡೀತಾವ. ಅದನ್ನ ಬೆರೆಸಿದ್ರ ನಮ್ಮ ಲ್ಯಾಬಿನ ಕೋಶ ಅಷ್ಟು ಸಾಯೂದಿಲ್ಲ. ಸೊಪ್ಪು, ನೆಲ್ಲಿಕಾಯಿ ತಿನ್ರಿ. ಹಳೇ ಎಣ್ಣಿ ಬಿಡ್ರಿ."

ಬಡಿಸುತ್ತಿದ್ದ ಕಾಕು ಕಾಕಾನ ಕಡೆ ತಿರುಗಿದಳು. "ಕಾಯೋರಿಗೇ ಕೆಟ್ಟದ್ದು ತಿನಿಸಿ ಕೊಲ್ಲೂದಾ? ಭಲೇ ಮನಿ ಅದರಿ ನಿಮ್ಮ ಮೈಯೊಳಗ!"

ಮುಂದಿನ ರಜೆಗೆ ಹೋದಾಗ ಕಾಕಾನ ಗೋಡೆಗೂಡಿನಲ್ಲಿ ವಿಟಮಿನ್ ಇ ಮಾತ್ರೆಗಳಿದ್ದವು, ತಟ್ಟೆಯಲ್ಲಿ ನೆಲ್ಲಿಕಾಯಿ ಚಟ್ನಿ. ನಾನು ಬೀಗಿದೆ. ಎಲ್ಲರ ಊಟವಾದ ಮೇಲೆ ಅಡುಗೆಮನೆಗೆ ಹೋದರೆ, ಒಲೆಯ ಬಳಿ ಎರಡು ಬಾಣಲೆ. ಕಾಕು ಕಪ್ಪು ಒಗ್ಗರಣೆಯ ಬಾಣಲೆಯಿಂದ ಪಲ್ಯ ಬಡಿಸಿಕೊಳ್ಳುತ್ತಿದ್ದಳು.

"ಇದೇನು ಕಾಕು?"

"ದೇವರ ಎಣ್ಣಿ ಚೆಲ್ಲಲಿಕ್ಕೆ ಬರ್ತದೇನವಾ? 'ಹುಡುಗಿ ಹೇಳ್ಯಾಳ, ಇನ್ನ ನನಗ ಬ್ಯಾಡ' ಅಂದ್ರು ನಿಮ್ಮ ಕಾಕಾ. ಅವರ ಪಾಲೂ ನನಗೇ ಬಂತು. ಶ್ರೀಮಂತಿ ಆಗೀನಿ ನೋಡು."

ನಾನು ನಕ್ಕೆ. ಅದು ಖಚಿತವಾಗಿ ನೆನಪಿದೆ. "ತಿನ್ನಬ್ಯಾಡ" ಎಂದೆನೇ? ಅಂದ ಹಾಗೆ ಅನಿಸುತ್ತದೆ. ಹಾಗೆ ಅನಿಸಲಿ ಎಂದು ಬಯಸುವವಳೂ ನಾನೇ.

ಕೆಲವು ವರ್ಷಗಳ ನಂತರ, ಮಳಖೇಡದಿಂದ ಮರಳುವ ಬಸ್ಸಿನಲ್ಲಿ ಎದೆ ಹಿಡಿದು ಕೂತ ಕಾಕು ಸೇಡಂನಲ್ಲಿ ಇಳಿಯಲಿಲ್ಲ.

ಒಂದು ಡಬ್ಬಿ ಎಣ್ಣೆಯಿಂದಲೇ ಹೀಗಾಯಿತು ಎಂದು ನಾನು ಓದಿದ ಶಾಸ್ತ್ರ ಹೇಳುವುದಿಲ್ಲ. ಲ್ಯಾಬಿನ ಗಾಜಿನ ಬಟ್ಟಲಲ್ಲಿ ಕೋಶಗಳನ್ನು ಕಾಯುವ ಜೀವಸತ್ವ, ಮಾತ್ರೆಯಾಗಿ ನುಂಗಿದರೆ ಮನುಷ್ಯರ ಹೃದಯವನ್ನೂ ಹಾಗೇ ಕಾಯುತ್ತದೆಂಬ ಭರವಸೆಯೂ ಇಲ್ಲವೆಂದು ಆಮೇಲೆ ಓದಿದೆ. ಇದರಿಂದ ನಾಚಿಕೆ ಕಡಿಮೆಯಾಗಿಲ್ಲ. ಅಂದು ಇಬ್ಬರಿಗೂ ಹೇಳುತ್ತಿದ್ದೇನೆಂದುಕೊಂಡಿದ್ದೆ. ನೋಡುತ್ತಿದ್ದದ್ದು ಕಾಕಾನ ಮುಖವನ್ನು ಮಾತ್ರ.

ಹದಿಮೂರನೆಯ ದಿನದ ಊಟ ಮುಗಿದು, ಬಂದವರೆಲ್ಲ ಹೋದ ಮೇಲೆ ಕಾಕಾ ಅಂಗಳದಲ್ಲಿ ಒಬ್ಬರೇ ಕೂತಿದ್ದರು. ಹತ್ತಿರ ಹೋಗಿ ಒಂದು ಮಾತು ಕೇಳಿದೆ. ಅವರು ನೆಲ ನೋಡಿದರು. ಈಗಲೂ, ನಾನು ಹೋದಾಗಲೆಲ್ಲ, ನೆಲವನ್ನೇ ನೋಡುತ್ತಾರೆ.

"ಕಾಕಾ, ಆಕಿ ತಾಟಿನ್ಯಾಗಿನ ಪಲ್ಯ ನೀವು ಒಂದು ಸಲರೆ ತಿಂದು ನೋಡಿದ್ರೇನು?"